ನಿಡುಗಲ್ ಬೆಟ್ಟದ ಬಳೆ ಸದ್ದು

ನನಗೆ ಕೋಟೆಗಳ ಹುಚ್ಚು ಹತ್ತಿಸಿದ್ದು ಮೊಬೈಲು. ಶಿರಾ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮಧ್ಯಾಹ್ನದ ಹೊತ್ತು ಗಿರಾಕಿಗಳು ಕಡಿಮೆ. ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತು ವಿಡಿಯೊ ನೋಡುತ್ತಿದ್ದೆ. ಶುರುವಾಗಿದ್ದು ರಾಜಸ್ಥಾನದಿಂದ. ರಜಪೂತರು ಬೆಟ್ಟದ ನೆತ್ತಿಯ ಮೇಲೆ ಕಟ್ಟಿದ ಕೋಟೆಗಳು, ಆನೆ ಗುದ್ದದ ಹಾಗೆ ಕಬ್ಬಿಣದ ಮುಳ್ಳು ಬಡಿದ ಬಾಗಿಲುಗಳು, ಅಷ್ಟು ಎತ್ತರದಲ್ಲೂ ಕೆರೆಗಳು. ಅವನ್ನೆಲ್ಲ ನೋಡಿ ನೋಡಿ, ಒಂದು ದಿನ ಊರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ನಿಡುಗಲ್ ಬೆಟ್ಟ ಕಂಡಾಗ ಅನ್ನಿಸಿತು, ಅಲ್ಲ, ಇದೂ ಅದೇ ತಾನೇ? ಹುಟ್ಟಿದಾಗಿನಿಂದ ಕಣ್ಣೆದುರಿಗಿದ್ದ ಬೆಟ್ಟ. ಅವತ್ತು ಮೊದಲ ಸಲ ಅದರ ಮೇಲಿನ ಗೋಡೆ ನನಗೆ ಗೋಡೆಯಾಗಿ ಕಾಣಿಸಿತು.

ಆಮೇಲೆ ಬಿಡಲಿಲ್ಲ. ಮಧುಗಿರಿ ಹತ್ತಿದೆ. ಕೊರಟಗೆರೆ ಕಡೆಯ ಚನ್ನರಾಯನದುರ್ಗ ಹತ್ತಿದೆ. ಪಾವಗಡದ ಬೆಟ್ಟವನ್ನಂತೂ ಬೇಜಾರಾದಾಗಲೆಲ್ಲ ಹತ್ತುತ್ತೇನೆ. ಯಾರೂ ಹೇಳಿಕೊಟ್ಟಿದ್ದಲ್ಲ. ನಾನು ಓದಿದ್ದು ಬಿ.ಕಾಂ. ವೀರಗಲ್ಲು ಯಾವುದು, ಮಾಸ್ತಿಕಲ್ಲು ಯಾವುದು, ಕೋಟೆಯ ಬಾಗಿಲು ಯಾಕೆ ಸೊಟ್ಟಗೆ ತಿರುಗಿರುತ್ತದೆ, ಎಲ್ಲ ನಾನೇ ಕೆದಕಿ ಕೆದಕಿ ಕಲಿತಿದ್ದು. ಕಲಿತಿದ್ದನ್ನ ಯಾರಿಗಾದರೂ ಹೇಳದೆ ಇರುವುದಕ್ಕೆ ನನ್ನ ಕೈಲಿ ಆಗುವುದಿಲ್ಲ. ಅಪ್ಪ ಆಕಳಿಸುತ್ತಿದ್ದ. ಅಮ್ಮ ಎದ್ದು ಹೋಗುತ್ತಿದ್ದಳು. ಅಜ್ಜಿ ಮಾತ್ರ ಕೂತೇ ಬೈಯುತ್ತಿದ್ದಳು, ಮದುವೆ ವಯಸ್ಸಿಗೆ ಬಂದೋಳು ಹಾಳು ಗೋಡೆ ಹಿಂದೆ ಬಿದ್ದವ್ಳೆ, ಯಾವನಾದ್ರೂ ಪಾಳೇಗಾರ ಗೋಡೆ ಸಂದಿಂದ ಎದ್ದು ಬತ್ತಾನೇನೋ ನೋಡಾನ ಅಂತ.

ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಒಬ್ಬಳೇ. ನಮ್ಮ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ. ಮಡಕಶಿರಾ ಕಡೆಯವಳು. ಕನ್ನಡದೊಳಗೆ ತೆಲುಗು ಸೇರಿಸಿ ಮಾತಾಡುತ್ತಾಳೆ. ನನ್ನನ್ನ ಕರೆಯುವುದು ಪಾಪ ಅಂತ, ಅವರ ಕಡೆ ಹುಡುಗಿಯರನ್ನ ಕರೆಯುವುದೇ ಹಾಗೆ. ನನಗೂ ಅವಳಿಗೂ ವಯಸ್ಸಿನಲ್ಲಿ ಅಂಥ ಅಂತರವಿಲ್ಲ. ಕಡಲೆಕಾಯಿ ಸುಲಿಯುತ್ತಾ ಕೂತಳೆಂದರೆ ನಾನು ಪಕ್ಕದಲ್ಲಿ ಮೊಬೈಲ್ ಹಿಡಿದು ಕೂರುತ್ತಿದ್ದೆ. ಸಿಪ್ಪೆ ಒಡೆಯುವ ಸದ್ದು, ಅವಳ ಹಸಿರು ಗಾಜಿನ ಬಳೆಗಳ ಸದ್ದು, ನಡುವೆ ನನ್ನ ರಜಪೂತರ ಕತೆ.

ಒಂದು ಸಲ ಒಂದು ಕೋಟೆಯ ಬಾಗಿಲು ತೋರಿಸಿದೆ. ಅಲ್ಲಿ ಗೋಡೆಯಲ್ಲಿ ಸಾಲಾಗಿ ಸಣ್ಣ ಸಣ್ಣ ಅಂಗೈಗಳಿವೆ, ಮೇಲೆ ಕೆಂಪು ಬಳಿದಿದ್ದಾರೆ. ರಾಜ ಸತ್ತಾಗ ಅವನ ಚಿತೆ ಏರಲು ಹೊರಟ ರಾಣಿಯರು ಬಾಗಿಲು ದಾಟುವ ಮುಂಚೆ ಇಟ್ಟ ಗುರುತು ಅಂತ ಹೇಳುತ್ತಾರೆ. ಚಿಕ್ಕಮ್ಮ ವಿಡಿಯೊ ನಿಲ್ಲಿಸು ಅಂದಳು. ಸೆರಗಿಗೆ ಕೈ ಒರೆಸಿಕೊಂಡು ತನ್ನ ಅಂಗೈಯನ್ನ ಆ ಪರದೆಯ ಮೇಲೆ ಇಟ್ಟಳು. ಒಂದು ಕೈಯಾದ ಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು.

"ಚಿಕ್ಕ ಹುಡುಗೀರು ಕಣೇ ಪಾಪ ಇವ್ರೆಲ್ಲ" ಅಂದಳು.

ಆಗ ಚಿಕ್ಕಪ್ಪ ಇನ್ನೂ ಇದ್ದ. ವಳ್ಳೂರಿನ ಕಡೆ ಇದ್ದ ನಮ್ಮ ಹೊಲ ಸೋಲಾರ್ ಕರೆಂಟಿನ ಕಂಪನಿಗೆ ಗುತ್ತಿಗೆ ಹೋದ ಮೇಲೆ ಅಲ್ಲೇ ಗಾಜು ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ. ಸುಗ್ಗಿಯಲ್ಲಿ ಮಾತ್ರ ನಮ್ಮ ಮಿಕ್ಕ ಹೊಲದ ಕಡಲೆಕಾಯಿ ಮೂಟೆ ಹಾಕಿಕೊಂಡು ಶಿರಾಕ್ಕೆ ಬರುತ್ತಿದ್ದ. ಹಾಗೆ ಬಂದು ಹೋಗುವಾಗಲೇ ಹೈವೇಯಲ್ಲಿ ಲಾರಿ ತಗುಲಿತು. ಅವತ್ತು ಮಧ್ಯಾಹ್ನ ನಮ್ಮ ಅಂಗಡಿಗೆ ಬಂದು ನನಗೆ ಬಿಸಿ ಬೋಂಡ ಕೊಡಿಸಿ ಹೋಗಿದ್ದ. ಬೋಂಡದ ಪೇಪರ್ ಇನ್ನೂ ಮಿಷನ್ ಕೆಳಗೆ ಬಿದ್ದಿತ್ತು, ಫೋನು ಬಂತು.

ಇನ್ನು ನಮ್ಮ ಮನೆಯ ಪದ್ಧತಿ ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ಪಾಳೇಗಾರರ ಕಾಲದಲ್ಲಿ ನಿಡುಗಲ್ ಕೋಟೆಯವರ ಕುರಿಗಳನ್ನ ನಮ್ಮವರೇ ಕಾಯುತ್ತಿದ್ದರಂತೆ. ಆಗ ನಮ್ಮ ಮನೆಯ ಸೊಸೆಯೊಬ್ಬಳು ಗಂಡನ ಜೊತೆ ಬೆಂಕಿಗೆ ಹೋದಳಂತೆ. ಕೋಟೆಯೊಳಗೆ ಒಂದು ಮಾಸ್ತಿಕಲ್ಲಿದೆ, ಅದು ಅವಳದೇ ಅಂತ ನಂಬಿಕೆ. ಮಾಸ್ತಮ್ಮ ಅಂತ ಕರೆಯುತ್ತೇವೆ. ಬೇರೆಯವರ ಮನೆಗಳಲ್ಲಿ ಗಂಡ ಸತ್ತ ಕೆಲವೇ ದಿನಕ್ಕೆ ಬಳೆ ಒಡೆಯುತ್ತಾರೆ. ನಮ್ಮಲ್ಲಿ ಒಡೆಯುವುದಿಲ್ಲ. ವರ್ಷ ಪೂರ್ತಿ ಕೈಯಲ್ಲೇ ಇರುತ್ತವೆ. ವರ್ಷದ ತಿಥಿಗೆ ಮುಂಚೆ ಆ ಸೊಸೆ ಬೆಟ್ಟ ಹತ್ತಿ, ಮಾಸ್ತಮ್ಮನ ಕಲ್ಲಿನ ಬುಡಕ್ಕೆ ಕೈ ಬಡಿದು ಬಳೆಗಳನ್ನೆಲ್ಲ ಒಡೆದುಕೊಂಡು ಬರಿಗೈಯಲ್ಲಿ ಇಳಿಯಬೇಕು. ಇದಕ್ಕೆ ಒಪ್ಪಿಸೋದು ಅನ್ನುತ್ತಾರೆ. ಜೊತೆಗೆ ಮನೆಯಲ್ಲಿ ಹುಟ್ಟಿದ, ಮದುವೆಯಾಗದ ಹುಡುಗಿ ಹೋಗಬೇಕು, ಅವಳೊಬ್ಬಳೇ. ಇಳಿದು ಬಂದು ಮನೆಯ ಹಿರಿಯಳ ಮುಂದೆ ಒಪ್ಪಿಸಿದಳು ಅಂತ ಹೇಳಬೇಕಾದವಳು ಆ ಹುಡುಗಿಯೇ. ಆ ಮಾತು ಬರುವ ತನಕ ಇಬ್ಬರಿಗೂ ಯಾರೂ ಒಂದು ಲೋಟ ನೀರು ಕೊಡುವುದಿಲ್ಲ. ಒಪ್ಪಿಸಿದವಳು ಮತ್ತೆ ಆ ಬೆಟ್ಟ ಹತ್ತುವ ಹಾಗಿಲ್ಲ.

ಈ ಸಲ ಆ ಹುಡುಗಿ ನಾನು.

ಹಿಂದಿನ ವಾರ ಚಿಕ್ಕಮ್ಮ ಮುದ್ದೆ ತಿರುವುತ್ತಾ, ನನ್ನ ಕಡೆ ನೋಡದೆ, ಮಾಸ್ತಮ್ಮನಿಗೆ ಬಳೆ ಕೊಡುವುದಕ್ಕೆ ತನಗೆ ಮನಸ್ಸಿಲ್ಲ ಅಂದಳು. ಹೆಂಡತಿಯಾದ ಮೇಲೆ ಬಂದ ಬಳೆಗಳಲ್ಲ, ತೊಟ್ಟಿಲಲ್ಲಿದ್ದಾಗಿನಿಂದ ಅವಳ ಕೈ ಖಾಲಿ ಇದ್ದದ್ದೇ ಇಲ್ಲ. ಒಡೆದರೆ ಆ ಸಂಜೆಯೇ ಬೇರೆ ಬಳೆ ಬರುತ್ತಿತ್ತಂತೆ. ನಾನು, ಹಾಗಂತ ಅಪ್ಪನಿಗೆ ಹೇಳೋಣ, ಈಗಿನ ಕಾಲದಲ್ಲಿ ಇದೆಲ್ಲ ಯಾಕೆ ಅಂತ ಶುರು ಮಾಡಿದೆ. ಅವಳಿಗೆ ನನ್ನ ಭಾಷಣ ಬೇಕಿರಲಿಲ್ಲ.

"ಅದಲ್ಲ ಪಾಪ. ಈ ಒಂದ್ ವರ್ಷ ಮನೇಲಿ ನನ್ನ ಯಾರೂ ಕರೆಯಲ್ಲ, ಮಾತಾಡ್ಸಲ್ಲ. ಕೈ ಆಡುದ್ರೆ ಸದ್ದು ಬತ್ತದಲ್ಲ, ಅಷ್ಟೇ. ಅದೂ ಹೋದ್ರೆ ನಾನು ಇದೀನೋ ಇಲ್ವೋ ಅಂತ ನಂಗೇ ತಿಳಿಯಾಕಿಲ್ಲ."

ಹೇಳಿ ಮುದ್ದೆಯನ್ನ ಅಂಗೈಯಲ್ಲಿ ಉಂಡೆ ಮಾಡಿ ತಟ್ಟೆಗೆ ಇಟ್ಟಳು.

ಅಜ್ಜಿಯ ವಿಷಯವೂ ಹೇಳಬೇಕು. ಅಜ್ಜಿ ಅಂದರೆ ನಮ್ಮ ತಾತನ ತಂಗಿ. ಮದುವೆಯಾಗಿ ಹೋಗಿ, ಗಂಡ ಸತ್ತು, ಮತ್ತೆ ಹುಟ್ಟಿದ ಮನೆಗೇ ಬಂದವಳು. ಈಗ ಮನೆಯ ಹಿರಿಯಳು ಅವಳೇ. ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣುವುದಿಲ್ಲ, ಕಿವಿ ಮಾತ್ರ ನಾಯಿಯ ಕಿವಿ. ಅವಳಿಗೊಂದು ಅಭ್ಯಾಸ. ಮನೆಯಲ್ಲಿ ಎಲ್ಲಿ ಬಳೆ ಸದ್ದಾದರೂ ತಲೆ ಎತ್ತಿ "ಯಾರವ್ವಾ ಅದು" ಅನ್ನುತ್ತಾಳೆ. ನಾನು ಅತ್ತೆ, ನಾನು ಕಣಜ್ಜಿ, ಅಂತ ಯಾರಾದರೂ ಬಾಯಿ ಬಿಡುವ ತನಕ ತಲೆ ಇಳಿಸುವುದಿಲ್ಲ. ಚಿಕ್ಕವರಿದ್ದಾಗ ನಾವು ಮಕ್ಕಳು ಬಾಗಿಲ ಹಿಂದೆ ನಿಂತು ಬಳೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದೆವು. ಅಜ್ಜಿಯ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ಒಂದು ಸಲ ಅದಕ್ಕೇ ನನಗೆ ಸೌದೆಯಲ್ಲಿ ಹೊಡೆದಿದ್ದಳು. ಅಜ್ಜಿಗೆ ಬಳೆ ಸದ್ದು ಯಾಕೆ ಆಗುವುದಿಲ್ಲ ಅಂತ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ.

ಆ ದಿನ ಬೆಳಿಗ್ಗೆ ಅಪ್ಪನ ಲಗೇಜ್ ಆಟೋದಲ್ಲಿ ಹೊರಟೆವು. ಮುಂದೆ ಅಪ್ಪ, ಅಜ್ಜಿ. ಹಿಂದೆ ನಾನು, ಚಿಕ್ಕಮ್ಮ, ಪೂಜೆ ಸಾಮಾನಿನ ಬುಟ್ಟಿ. ಬುಟ್ಟಿ ಕೊಡುವಾಗ ಅಮ್ಮ ನನ್ನನ್ನ ಕೊಟ್ಟಿಗೆಯ ಹತ್ತಿರ ಕರೆದು ಒಂದು ಮಾತು ಹೇಳಿದ್ದಳು. ಹಿಂದೆ ಯಾವಾಗಲೋ ನಮ್ಮ ಮನೆಯ ಸೊಸೆಯೊಬ್ಬಳು ಒಪ್ಪಿಸೋಕೆ ಅಂತ ಹೋದವಳು ಇಳಿದು ಬರಲಿಲ್ಲ. ಮೇಲೆ ದೊಣೆಯಲ್ಲಿ ಸಿಕ್ಕಳು. ದೊಣೆ ಅಂದರೆ ಬಂಡೆಯ ನಡುವೆ ಮಳೆ ನೀರು ನಿಲ್ಲುವ ಹೊಂಡ. ನಿಡುಗಲ್‌ನಲ್ಲಿ ಅಂಥವು ಬೇಕಾದಷ್ಟಿವೆ, ಕೆಲವು ಬೇಸಿಗೆಯಲ್ಲೂ ಬತ್ತುವುದಿಲ್ಲ. ಅವಳ ಬಳೆ ಸದ್ದು ಈಗಲೂ ಕೋಟೆಯ ಬಾಗಿಲಲ್ಲಿ ಕೇಳುತ್ತದೆ ಅಂತ ಊರಿನವರು ಅನ್ನುತ್ತಾರೆ. ಅದಿರಲಿ, ನೀನು ಚಿಕ್ಕಮ್ಮನ ಮೇಲೆ ಒಂದು ಕಣ್ಣಿಟ್ಟಿರು. ಇಷ್ಟೇ ಅಮ್ಮ ಹೇಳಿದ್ದು.

ಇಷ್ಟು ದಿನ ನಾನು ಇತಿಹಾಸ ಅಂದುಕೊಂಡು ಬಾಯಿ ಚಪ್ಪರಿಸಿ ಹೇಳುತ್ತಿದ್ದುದೆಲ್ಲ ಆಟೋದಲ್ಲಿ ನನ್ನ ಎದುರಿಗೇ ಕೂತಿತ್ತು. ಚಿಕ್ಕಮ್ಮ ಬುಟ್ಟಿ ಬೀಳದ ಹಾಗೆ ಕಾಲಲ್ಲಿ ಒತ್ತಿಕೊಂಡು, ಹಸಿರು ಬಳೆಗಳನ್ನ ಮೇಲಕ್ಕೂ ಕೆಳಕ್ಕೂ ಸರಿಸುತ್ತಾ ಇದ್ದಳು.

ಬೆಟ್ಟದ ಬುಡದ ಊರು ದಾಟಿ, ಕೆಳಗಿನ ಬಾಗಿಲ ಹತ್ತಿರ ಅಪ್ಪ ಆಟೋ ನಿಲ್ಲಿಸಿದ. ಅಲ್ಲಿಂದ ಮೇಲೆ ಅಜ್ಜಿ ಬರುವುದಿಲ್ಲ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಚೀಲ ಹಾಸಿ ಅವಳನ್ನ ಕೂರಿಸಿದೆವು. ಅವಳು ನನ್ನ ಕೈ ಹಿಡಿದು ಎಳೆದು ಕಿವಿಗೆ ಬಾಯಿಟ್ಟಳು.

"ದೊಣೆ ತಾವ ಅವಳ್ನ ಒಬ್ಳುನ್ನೇ ಬುಡಬ್ಯಾಡ. ಕಲ್ಲು ಗಿಲ್ಲು ಅಂತ ನೋಡ್ಕಂಡು ನಿಂತುಬುಟ್ಟೀಯ, ಕಾಲು ಮುರುದ್ಬುಡ್ತೀನಿ."

ಬೈಗುಳದಲ್ಲಿ ಯಾವಾಗಲೂ ಇರುವ ನಗು ಅವತ್ತು ಇರಲಿಲ್ಲ. ಅವಳ ಕೈ ತಣ್ಣಗಿತ್ತು.

ಹತ್ತಿದೆವು. ನಾನು ಸಾಮಾನ್ಯವಾಗಿ ಬಾಗಿಲಿಗೊಂದು ಕತೆ ಹೇಳುವವಳು. ಇಲ್ಲಿ ನೋಡು ಕದ ತಿರುಗುತ್ತಿದ್ದ ಗುಳಿ, ಇಲ್ಲಿ ನೋಡು ಗಾರೆಯಿಲ್ಲದೆ ಕೂರಿಸಿದ ಕಲ್ಲು ಅಂತ. ಅವತ್ತು ಚಿಕ್ಕಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ. ಸೀತಾಫಲದ ಗಿಡಗಳು ದಾರಿಗೆ ಬಗ್ಗಿದ್ದವು. ಹಣ್ಣು ಒಡೆದು ಇರುವೆ ಮುತ್ತಿದ್ದವು. ಒಂದು ಪಾಳು ಗುಡಿಯೊಳಗೆ ನಿಧಿ ಹುಡುಕುವವರು ಅಗೆದ ಗುಂಡಿ ಬಾಯಿ ಬಿಟ್ಟುಕೊಂಡಿತ್ತು. ಲಿಂಗ ಕಿತ್ತು ಪಕ್ಕಕ್ಕೆ ಉರುಳಿಸಿದ್ದರು. ನಮ್ಮಿಬ್ಬರ ಉಸಿರು, ಚಪ್ಪಲಿಯ ಸದ್ದು, ಅವಳ ಬಳೆ. ಬೇರೇನೂ ಇಲ್ಲ. ತಿರುವಿನಲ್ಲಿ ಅವಳು ಮುಂದಾಗಿ ಕಣ್ಣಿಗೆ ಮರೆಯಾದಾಗಲೆಲ್ಲ ನಾನು ಆ ಸದ್ದಿಗೆ ಕಿವಿ ಕೊಟ್ಟು ಓಡುತ್ತಿದ್ದೆ. ಒಂದು ಕಡೆ ಸದ್ದು ನನ್ನ ಮುಂದಿನಿಂದಲ್ಲ, ಹಿಂದಿನಿಂದ ಬಂದ ಹಾಗಾಯಿತು. ನಿಂತು ತಿರುಗಿದೆ. ಬಂಡೆಗೆ ಬಡಿದು ವಾಪಸ್ ಬಂದಿದ್ದು, ಕೋಟೆ ಗೋಡೆಗಳ ನಡುವೆ ಹಾಗಾಗುತ್ತದೆ, ನನಗೆ ಅದು ಗೊತ್ತಿರುವ ವಿಷಯವೇ. ಗೊತ್ತಿದ್ದೂ ಓಡಿ ಹೋಗಿ ಅವಳ ಪಕ್ಕ ಸೇರಿಕೊಂಡೆ.

ಮಾಸ್ತಮ್ಮ ಇರುವುದು ಮೇಲಿನ ಬಾಗಿಲ ಒಳಗೆ, ಒಂದು ಬೇವಿನ ಮರದ ಕೆಳಗೆ. ಎದೆಯೆತ್ತರದ ಚಪ್ಪಡಿ. ಕಂಬದಿಂದ ಹೊರಟ ಹಾಗೆ ಒಂದು ಕೈ, ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದೆ. ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಮುಂಗೈ ತುಂಬ ಕಲ್ಲಿನ ಬಳೆಗಳು. ಕೆಳಗಿನ ಭಾಗ ಅರಿಶಿನ ಕುಂಕುಮ ಎಣ್ಣೆ ಮೆತ್ತಿಕೊಂಡು ದಪ್ಪಗೆ ಕರೆಗಟ್ಟಿದೆ. ನಾನು ಮುಂಚೆಯೂ ನೋಡಿದ್ದ ಕಲ್ಲು. ಆದರೆ ನೋಡುತ್ತಿದ್ದುದು ಕಲ್ಲನ್ನ. ಅವತ್ತು ಬುಡದ ನೆಲ ನೋಡಿದೆ. ಮಣ್ಣಿನ ತುಂಬ ಗಾಜಿನ ಚೂರು. ಮೇಲಿನವು ಇನ್ನೂ ಹೊಳೆಯುತ್ತಿದ್ದವು, ಹಸಿರು, ಕೆಂಪು. ಕೋಲಿನಿಂದ ಸ್ವಲ್ಪ ಕೆದಕಿದರೆ ಕೆಳಗೆ ಬಣ್ಣ ಹೋಗಿ ಬೂದಿಯಾದವು. ಇನ್ನೂ ಕೆಳಗೆ ಹರಳಿನಷ್ಟು ಸಣ್ಣವು. ಕೋಟೆಯಲ್ಲಿ ನಿಧಿಗೆ ಅಂತ ಯಾರೂ ಅಗೆಯದ ಜಾಗ ಇದೊಂದೇ. ನಮ್ಮ ಮನೆಯ ಎಷ್ಟು ಜನ ಹೆಂಗಸರು ಇಲ್ಲಿ ಕೈ ಬಡಿದಿದ್ದಾರೋ. ಅವರ ಹೆಸರು ಕೂಡ ನಮಗೆ ಯಾರಿಗೂ ಗೊತ್ತಿಲ್ಲ.

ಚಿಕ್ಕಮ್ಮ ಕಲ್ಲಿನ ಎದುರು ಕಾಲು ಮಡಿಸಿ ಕೂತಳು. ಈ ಕಲ್ಲಿನಲ್ಲಿ ಏನಿದೆ, ಓದು ಅಂದಳು. ನಾನು ಹೇಳಿದೆ. ಎತ್ತಿದ ಕೈ ಅಂದರೆ ಆಶೀರ್ವಾದ, ಬಳೆ ಅಂದರೆ ಮುತ್ತೈದೆಯಾಗಿಯೇ ಹೋದಳು ಅನ್ನುವುದಕ್ಕೆ ಗುರುತು. ಅಕ್ಷರ ಏನೂ ಇಲ್ಲ. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ನನಗೇ ಬೇಡವಾಯಿತು. ಅವಳು ಆ ಕಲ್ಲಿನ ಬಳೆಗಳನ್ನ ಬೆರಳಲ್ಲಿ ಒಂದೊಂದಾಗಿ ಸವರಿದಳು.

"ಈಯಮ್ಮ ಸತ್ತು ಬಳೆ ಉಳುಸ್ಕಂಡ್ಲು" ಅಂದಳು. "ನಾನು ಬದುಕ್ಕಂಡು ಕೊಡಬೇಕು. ನೋಡು ಹೆಂಗೈತೆ."

ನಾನು ಬುಟ್ಟಿ ಬಿಚ್ಚಿ ಕಾಯಿ, ಊದುಬತ್ತಿ, ಅರಿಶಿನದ ಪೊಟ್ಟಣ ತೆಗೆಯತೊಡಗಿದೆ. ಅಲ್ಲಿಂದ ಉತ್ತರಕ್ಕೆ ಬೆಟ್ಟ ಕಡಿದು ಬಿದ್ದ ಹಾಗೆ ಇಳಿಯುತ್ತದೆ, ಬಯಲೆಲ್ಲ ಕಾಣುತ್ತದೆ. ದೂರದಲ್ಲಿ, ಆಕಾಶ ನೆಲಕ್ಕೆ ತಾಗುವ ಕಡೆ, ಒಂದು ದೊಡ್ಡ ಕೆರೆ ತುಂಬಿ ಹೊಳೆಯುತ್ತಿತ್ತು. ಅಲ್ಲಿ ಕೆರೆಯಿಲ್ಲ. ಸೋಲಾರ್ ಗಾಜುಗಳು. ಮೊದಲ ಸಲ ನೋಡಿದವರೆಲ್ಲ ನೀರು ಅಂತಲೇ ಅಂದುಕೊಳ್ಳುತ್ತಾರೆ. ಚಿಕ್ಕಮ್ಮ ಅದನ್ನೇ ನೋಡುತ್ತಿದ್ದಳು. ನಿಮ್ಮ ಚಿಕ್ಕಪ್ಪ ತೊಳೆದು ಬಂದ ದಿನ ಅಂಗಿಯೆಲ್ಲ ಒದ್ದೆ ಇರುತ್ತಿತ್ತು, ಗಾಜಿನಲ್ಲಿ ನನ್ನ ಮುಖವೇ ನೂರು ಕಡೆ ಕಾಣುತ್ತೆ ಕಣೆ ಅನ್ನುತ್ತಿದ್ದರು ಅಂತ ಹೇಳಿದಳು. ಆಮೇಲೆ, ಕಲ್ಲು ತೊಳೆಯಬೇಕಲ್ಲ, ನೀರು ತತ್ತೀನಿ ಅಂತ ಎದ್ದು ಹೋದಳು.

ನಾನು ಊದುಬತ್ತಿ ಹಚ್ಚುತ್ತಿದ್ದೆ. ಗಾಳಿಗೆ ಕಡ್ಡಿ ಆರಿತು. ಇನ್ನೊಂದು ಗೀರಿದೆ. ಕಡ್ಡಿಪೆಟ್ಟಿಗೆ ವಾಪಸ್ ಬುಟ್ಟಿಯೊಳಗೆ ಇಡುವಾಗ ಕೈಗೆ ಚೊಂಬು ತಗುಲಿತು. ತಾಮ್ರದ ಚೊಂಬು, ಅಮ್ಮ ಬೆಳಿಗ್ಗೆ ಹುಣಸೆಹಣ್ಣು ಹಾಕಿ ಉಜ್ಜಿದ್ದು. ಅದು ಬುಟ್ಟಿಯಲ್ಲೇ ಇತ್ತು.

ಅವತ್ತು ಓಡಿದ ಹಾಗೆ ನಾನು ಯಾವತ್ತೂ ಓಡಿಲ್ಲ. ದೊಣೆ ಬೇವಿನ ಮರದ ಹಿಂದಿನ ಬಂಡೆಯ ಆಚೆಗೇ ಇದೆ. ನೀರು ಕಪ್ಪಗೆ, ಅಲುಗದೆ, ಮೇಲೆ ಒಂದು ಎಲೆ ಕೂಡ ಇಲ್ಲದೆ ಇತ್ತು. ಚಿಕ್ಕಮ್ಮ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಗ್ಗಿದ್ದಳು. ಎರಡೂ ಕೈ ನೀರಿನ ಕಡೆಗೆ ಚಾಚಿದ್ದವು, ಆದರೆ ನೀರು ಮುಟ್ಟಿರಲಿಲ್ಲ. ಬಳೆಗಳೆಲ್ಲ ಜಾರಿ ಮಣಿಕಟ್ಟಿಗೆ ಬಂದು ನಿಂತಿದ್ದವು. ಸದ್ದೇ ಇರಲಿಲ್ಲ. ನೀರಿನೊಳಗಿಂದ ಇನ್ನೊಬ್ಬಳು ಅವಳ ಕಡೆಗೆ ಕೈ ಚಾಚಿದ ಹಾಗೆ ಕಾಣುತ್ತಿತ್ತು. ನೆರಳು ಅದು. ನೆರಳೇ.

ಹಿಂದಿನಿಂದ ಅವಳ ಮುಂಗೈ ಹಿಡಿದು ಎಳೆದೆ. ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಕೈಯೊಳಗೆ ಒಂದು ಬಳೆ ಚಟ್ ಅಂತ ಒಡೆಯಿತು. ಚೂರು ನನ್ನ ಅಂಗೈಗೆ ಕಚ್ಚಿತು. ಇಬ್ಬರೂ ಬಂಡೆಯ ಮೇಲೆ ಹಿಂದಕ್ಕೆ ಬಿದ್ದೆವು.

"ವದಲವೇ ಪಾಪ, ಬುಡೇ ಕೈಯ" ಅಂದಳು. ನಾನು ಬಿಡಲಿಲ್ಲ. ಅವಳು ನನ್ನ ಬೆರಳ ಸಂದಿಯಿಂದ ಇಳಿಯುತ್ತಿದ್ದ ರಕ್ತ ನೋಡಿದಳು, ಒಡೆದ ಬಳೆ ನೋಡಿದಳು. ಆಮೇಲೆ ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಕೇಳದ ನಗು ನಕ್ಕಳು. "ಮಾಸ್ತಮ್ಮಂಗಿಂತ ಮುಂಚೆ ನೀನೇ ಒಡುದ್ಬುಟ್ಯಲ್ಲೇ."

ನೀರಿಗೆ ಅಂತ ಬಂದವಳು ಚೊಂಬು ಯಾಕೆ ತರಲಿಲ್ಲ ಅಂತ ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಮರೆತಿರಬಹುದು.

ಮರದ ಕೆಳಗೆ ಕರೆದುಕೊಂಡು ಬಂದು ಅವಳೇ ನನ್ನ ಗಾಯಕ್ಕೆ ಅರಿಶಿನ ಒತ್ತಿದಳು. ಉರಿಗೆ ಕಣ್ಣಲ್ಲಿ ನೀರು ಬಂತು. ಅಂಗೈ ಹಳದಿಯೂ ಕೆಂಪೂ ಆಗಿ ಒದ್ದೆಯಾಯಿತು. ಆಮೇಲೆ ಒಡೆದ ಬಳೆಯ ಚೂರುಗಳನ್ನ ಆರಿಸಿ ಕಲ್ಲಿನ ಬುಡದಲ್ಲಿ, ಬೇರೆಯವರ ಚೂರುಗಳ ಮೇಲೆ ಇಟ್ಟಳು. ಇನ್ನು ಬಡಿಯುತ್ತಾಳೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಅವಳು ಎತ್ತಿದ ಆ ಕಲ್ಲಿನ ಕೈಗೆ ತನ್ನ ಕೈ ತಾಗಿಸಿಕೊಂಡು ನಿಂತಿದ್ದಳು, ಅವತ್ತು ಮೊಬೈಲಿಗೆ ತಾಗಿಸಿದ ಹಾಗೆ.

"ಒಂದು ಕೊಟ್ಟಿದೀನಿ. ಮಿಕ್ಕಿದ್ದು ನಂದು" ಅಂದಳು. ನನಗೆ ಹೇಳಿದ್ದಲ್ಲ ಅದು.

ಕಾಯಿ ಒಡೆದು ಇಳಿಯುವುದಕ್ಕೆ ಶುರು ಮಾಡಿದಾಗ ನನಗೆ ಹೊಸ ಭಯ. ಕೆಳಗೆ ಮಾತು ಹೇಳಬೇಕಾದವಳು ನಾನು. ಒಪ್ಪಿಸಿದಳು ಅಂದರೆ ಅಪ್ಪನ ಕಣ್ಣಿಗೇ ಬಳೆ ಕಾಣುತ್ತದೆ. ಇಲ್ಲ ಅಂದರೆ ಮತ್ತೆ ಹತ್ತಿಸುತ್ತಾರೆ, ಈ ಸಲ ಇವಳು ಏನು ಮಾಡುತ್ತಾಳೋ. ಮೇಲಿನ ಬಾಗಿಲಲ್ಲಿ ಮೆಟ್ಟಿಲು ಕಡಿದಾಗಿದೆ. ಕಾಲು ಜಾರಿದಾಗ ಗೋಡೆಗೆ ಕೈ ಕೊಟ್ಟೆ. ತೆಗೆದಾಗ ಕಲ್ಲಿನ ಮೇಲೆ ನನ್ನ ಅಂಗೈ ಪೂರ್ತಿ ಮೂಡಿತ್ತು, ಕೆಂಪು, ಹಳದಿ.

ಚಿಕ್ಕಮ್ಮ ಅದನ್ನ ನೋಡಿ ನಿಂತಳು. ಮುಂದೆ ಬಂದು ನನ್ನ ಇನ್ನೊಂದು ಕೈ ಹಿಡಿದುಕೊಂಡಳು. ಇಬ್ಬರೂ ಬಾಗಿಲು ದಾಟಿದೆವು.

ಕೆಳಗಿನ ಬಾಗಿಲು ಇನ್ನೂ ದೂರ ಇರುವಾಗಲೇ ಅಜ್ಜಿ ಕಟ್ಟೆಯ ಮೇಲೆ ಎದ್ದು ನಿಂತಿದ್ದು ಕಂಡಿತು. ಕೋಲು ಊರಿಕೊಂಡು, ಕಿವಿ ನಮ್ಮ ಕಡೆಗೆ ಇಟ್ಟುಕೊಂಡು. ಬಳೆ ಸದ್ದು ಅವಳಿಗೆ ಕೇಳಿಸಿತ್ತು. ಹತ್ತಿರ ಬಂದಾಗ ನೋಡಿದೆ, ಬಾಗಿಲ ಹಿಂದೆ ನಿಂತು ನಾವು ಆಟ ಆಡಿಸುತ್ತಿದ್ದಾಗಿನ ಅದೇ ಬೂದಿ ಮುಖ. ಅಪ್ಪ ಆಟೋದಿಂದ ಇಳಿದು ಬಂದವನು ಚಿಕ್ಕಮ್ಮನ ಕೈ ನೋಡಿ ನಿಂತುಬಿಟ್ಟ. ಇದೇನಮ್ಮ ಇದು, ಏನಾಯ್ತು ಮೇಲೆ ಅಂತ ನನ್ನನ್ನ ಕೇಳಿದ. ಅಜ್ಜಿ ಅವನ ಮಾತು ಕೇಳಿಸಿಕೊಳ್ಳಲಿಲ್ಲ.

"ಯಾರವ್ವಾ ಅದು" ಅಂದಳು.

"ನಾನೇ ಅತ್ತೆ" ಅಂದಳು ಚಿಕ್ಕಮ್ಮ.

ಅಜ್ಜಿ ಕೋಲು ಬಿಟ್ಟಳು. ಗಾಳಿಯಲ್ಲಿ ತಡವಿ ಅವಳ ಕೈ ಹಿಡಿದಳು. ಬಳೆಗಳ ಮೇಲೆ ಬೆರಳು ಹಾಯಿಸಿದಳು, ಮಣಿಕಟ್ಟು ಒತ್ತಿದಳು, ಅಂಗೈ ತಿರುಗಿಸಿ ತನ್ನ ಕೆನ್ನೆಗೆ ಇಟ್ಟುಕೊಂಡಳು.

"ಬೆಚ್ಚುಗೈತೆ" ಅಂದಳು. ಕಟ್ಟೆಯ ಮೇಲೆ ಕುಸಿದು ಕೂತಳು, ಕೈ ಮಾತ್ರ ಬಿಡಲಿಲ್ಲ.

ನನ್ನ ಕಡೆ ತಿರುಗಿ, ಏನಾಯ್ತು ಹೇಳು ಅಂದಳು. ಸುಳ್ಳು ಯೋಚಿಸಿಕೊಂಡು ಬಂದಿದ್ದೆ. ಹೊರಗೆ ಬಂದಿದ್ದು ನಿಜ. ದೊಣೆಯ ಹತ್ತಿರ ಹೋದಳು, ಎಳೆದೆ, ಒಂದು ಒಡೆಯಿತು, ಅದನ್ನ ಕಲ್ಲಿಗೆ ಇಟ್ಟಳು ಅಂತ ಹೇಳಿದೆ. ದೊಣೆ ಅಂದ ತಕ್ಷಣ ಅಪ್ಪ ತಲೆ ತಗ್ಗಿಸಿದ. ಅಜ್ಜಿ, ನಮಗಲ್ಲ ಅನ್ನುವ ಹಾಗೆ, ಬೆಟ್ಟದ ಕಡೆ ಮುಖ ಮಾಡಿ ಶುರು ಮಾಡಿದಳು.

"ಅವತ್ತು ನಾನೇ ಹೋಗಿದ್ದು, ನಮ್ಮತ್ತಿಗೆ ಜೊತೇಲಿ. ನಾನಾಗ ನಿನಗಿಂತ ಚಿಕ್ಕೋಳು. ನೀನು ಮುಂದೆ ನಡಿ, ಬತ್ತೀನಿ ಅಂದ್ಲು. ನಡುದ್ಬುಟ್ಟೆ. ಹಿಂದೆ ಬಳೆ ಸದ್ದು ಕೇಳುಸ್ತಾನೇ ಇತ್ತು, ಅವಳು ಬತ್ತಾವ್ಳೆ ಅಂತ್ಲೇ ಇಳ್ದೆ. ಇಲ್ಲೇ ನಿಂತ್ಕಂಡು ಸುಳ್ಳೇ ಒಪ್ಪುಸುದ್ಲು ಅಂದೆ. ನೀರು ಕೊಟ್ರು, ಕುಡುದೆ. ಆಮ್ಯಾಕೆ ಕೇಳುದ್ರು, ಅವಳೆಲ್ಲಿ ಅಂತ."

ಮನೆಯಲ್ಲಿ ಇಷ್ಟು ವರ್ಷ ಬಳೆ ಸದ್ದಾದಾಗಲೆಲ್ಲ ಅವಳು ಯಾರು ಅಂತ ಕೇಳುತ್ತಿದ್ದುದು ಯಾರನ್ನ ಅಂತ ನನಗೆ ಆಗ ಗೊತ್ತಾಯಿತು. ಅಪ್ಪನಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಅವನು ಕೋಲು ಎತ್ತಿ ಅಜ್ಜಿಯ ಪಕ್ಕ ಇಟ್ಟು, ಹಾಗಾದರೆ ಈಗ ಏನು ಮಾಡೋದು ಅಂತ ಮೆತ್ತಗೆ ಕೇಳಿದ.

"ಏನ್ ಮಾಡಾದ್ಲಾ? ಒಪ್ಪುಸವ್ಳೆ. ಅಮ್ಮ ಒಂದು ತಕ್ಕಂಡು ಮಿಕ್ಕಿದ್ದು ವಾಪಸ್ ಕೊಟ್ಟವ್ಳೆ. ಕೇಳ್ದೋಳು ನಾನು, ಇನ್ ಯಾರ್ನ ಕೇಳ್ಬೇಕು? ಹೋಗು, ನೀರು ಕೊಡು ಇಬ್ರಿಗೂ."

ಅಪ್ಪ ಆಟೋದ ಸೀಟಿನ ಕೆಳಗಿಂದ ನೀರಿನ ಕ್ಯಾನ್ ತೆಗೆದು ಲೋಟಕ್ಕೆ ಬಗ್ಗಿಸಿದ. ಮೊದಲ ಲೋಟ ಚಿಕ್ಕಮ್ಮನಿಗೆ ಕೊಟ್ಟ. ಅವಳು ತಲೆ ಎತ್ತಿ ಕುಡಿಯುವಾಗ ಬಳೆಗಳು ಮೊಣಕೈ ತನಕ ಜಾರಿದವು.

ವಾಪಸ್ ಬರುವಾಗ ಅಜ್ಜಿ ಮುಂದೆ ಕೂರಲಿಲ್ಲ. ಹಿಂದೆ ನಮ್ಮ ಜೊತೆಗೇ ಹತ್ತಿದಳು. ಚಿಕ್ಕಮ್ಮನ ಪಕ್ಕ ಒತ್ತಿಕೊಂಡು ಕೂತು, ಕೈ ಆಡುಸ್ತಾ ಇರವ್ವ ಅಂದಳು. ಚಿಕ್ಕಮ್ಮ ಆಡಿಸಿದಳು. ರಸ್ತೆಯ ಗುಂಡಿಗಳು ಮಿಕ್ಕಿದ್ದನ್ನ ಆಡಿಸಿದವು. ಟಾರ್ ರೋಡಿಗೆ ಬಂದ ಮೇಲೆ ಆಟೋ ಕುಲುಕುವುದು ನಿಂತಿತು. ದಣಿದಿದ್ದ ಚಿಕ್ಕಮ್ಮ ಬುಟ್ಟಿಗೆ ಒರಗಿ ನಿದ್ದೆ ಹೋದಳು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ನಿಡುಗಲ್ ಬೆಟ್ಟ ಹಿಂದೆ ಸಣ್ಣದಾಗುತ್ತಾ ಇನ್ನೂ ಕಾಣುತ್ತಿತ್ತು.

ಅಜ್ಜಿ ಇದ್ದಕ್ಕಿದ್ದ ಹಾಗೆ ತಲೆ ಎತ್ತಿದಳು. ಮುಖ ಬೆಟ್ಟದ ಕಡೆಗೆ ತಿರುಗಿಸಿ, ಉಸಿರು ಹಿಡಿದು, ಕಿವಿ ಕೊಟ್ಟು ಕೂತಳು. ಚಿಕ್ಕಮ್ಮನ ಕೈ ಅಲ್ಲಾಡಿರಲಿಲ್ಲ. ನನಗೆ ಏನೂ ಕೇಳಿಸಲಿಲ್ಲ.

ನಾನು, ಆಟೋ ಹತ್ತಿದ ಮೇಲೆ ಗಾಯಕ್ಕೆ ಬಟ್ಟೆ ಸುತ್ತಿಕೊಂಡಿದ್ದ ಕೈಯಲ್ಲೇ, ಚಿಕ್ಕಮ್ಮನ ಮಣಿಕಟ್ಟನ್ನ, ಅವಳಿಗೆ ಎಚ್ಚರವಾಗದ ಹಾಗೆ, ಮೆಲ್ಲಗೆ ಅಲ್ಲಾಡಿಸಿದೆ.

"ಹ್ಞೂ" ಅಂದಳು ಅಜ್ಜಿ, ಉಸಿರು ಬಿಟ್ಟು. "ಇದು ಇವಳ್ದು."